ಗೌರತ್ತೆ ಹೇಳಿದ ಕಳ್ಳರ ಕಥೆ

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಮಂಚದ ಮೇಲೆ ಬೋರಲು ಮಲಗಿ ಬಣ್ಣದ ಚಿತ್ರಕಥೆಯ ಪುಸ್ತಕವೊಂದನ್ನು ಓದುತ್ತಿದ್ದಳು. ಹೊಸ ಕಾಗದದ ವಾಸನೆ ನನ್ನ ಕುರ್ಚಿಯವರೆಗೂ ಬಂತು. ಕನ್ನಡಕ ಏರಿಸಿಕೊಂಡು ಇಣುಕಿದೆ. ಒಬ್ಬ ಖಳನಾಯಕ, ಅವನ ಜೊತೆಗೊಬ್ಬಳು ಖಳನಾಯಕಿ. ಒಂದು ಚಿತ್ರದಲ್ಲಿ ಅವನು ಅವಳ ಕೆನ್ನೆಗೆ ಬಾರಿಸುತ್ತಾನೆ. ಮುಂದಿನ ಪುಟದಲ್ಲಿ ಅವಳು ಅವನ ತೋಳಿಗೇ ಒರಗಿ ನಗುತ್ತಿದ್ದಾಳೆ. "ಇವರಿಬ್ಬರದ್ದು ಎಂಥಾ ಪ್ರೀತಿ ಗೊತ್ತಾ ಅಜ್ಜಿ" ಎಂದಳು ಹುಡುಗಿ. ಬುದ್ಧಿವಾದ ಹೇಳುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಬೇಕಾದರೆ ನಮ್ಮ ಮನೆಯವರನ್ನು ಕೇಳಿ ನೋಡಿ. ಆದರೆ ಅವತ್ತು ಬುದ್ಧಿವಾದದ ಬದಲು ಗೌರತ್ತೆ ನೆನಪಾದಳು.

ಗೌರತ್ತೆ ನಮ್ಮಪ್ಪನ ತಂಗಿ. ನಮ್ಮದು ಚನ್ನರಾಯಪಟ್ಟಣ, ಅಪ್ಪನಿಗೆ ಪೇಟೆಯಲ್ಲಿ ಸಣ್ಣದೊಂದು ಜವಳಿ ಅಂಗಡಿ. ಅತ್ತೆಯನ್ನು ಕೊಟ್ಟಿದ್ದು ಹೊಳೆನರಸೀಪುರದ ಬೆಲ್ಲದ ಮಂಡಿಯವರಿಗೆ. ಮಾವ ನೋಡಲು ಲಕ್ಷಣವಾಗಿದ್ದರು. ಎದೆ ತುಂಬಿ ನಗುವರು, ಚೆನ್ನಾಗಿ ಹಾಡುವರು, ನಮಗೆ ಬತ್ತಾಸು ತರುವರು. ಅವರು ಹೆಂಡತಿಯನ್ನು ಹೊಡೆಯುತ್ತಿದ್ದರು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. "ಗೌರಿ ಬಂದವ್ಳೆ" ಎಂದಷ್ಟೇ ಹೇಳಿ ಅಜ್ಜಿ ಹಿಟ್ಟಿನ ಮಡಕೆಗೆ ಇನ್ನೊಂದಿಷ್ಟು ನೀರು ಸುರಿಯುವಳು. ಅತ್ತೆಯ ಮುಂಗೈ ಕಪ್ಪುಗಟ್ಟಿದ್ದನ್ನು ನಾನು ಮುಟ್ಟಿ ಕೇಳಿದರೆ "ಬಾಗ್ಲು ಬಡೀತು ಕಣವ್ವ" ಎನ್ನುವಳು. ಹೊಳೆನರಸೀಪುರದ ಬಾಗಿಲುಗಳೇ ಕೆಟ್ಟವು ಎಂದು ನಾನು ಬಹಳ ದಿನ ನಂಬಿದ್ದೆ.

ಕೆಲವು ದಿನ ಕಳೆದ ಮೇಲೆ ಮಾವ ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದು ಬರುವರು. ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಳ್ಳುವರು. ಅಪ್ಪ ಸಮಾಧಾನ ಹೇಳುವರು. ಅತ್ತೆ ತಲೆ ಬಾಚಿಕೊಂಡು ಆ ಹೂ ಮುಡಿದು ಇದ್ದಿಲಿನ ಬಸ್ಸು ಹತ್ತುವಳು. ಯುದ್ಧದ ಕಾಲ ಅದು, ಪೆಟ್ರೋಲು ಸಿಗುತ್ತಿರಲಿಲ್ಲ. ದಿಬ್ಬ ಬಂದರೆ ಆ ಬಸ್ಸನ್ನು ಜನ ಇಳಿದು ತಳ್ಳಬೇಕಿತ್ತು. ಅತ್ತೆಯೂ ಇಳಿದು ನಡೆದಿರಬೇಕು, ಆ ಮನೆಯ ಕಡೆಗೇ.

ಅದೇ ಯುದ್ಧದ ದೆಸೆಯಿಂದ ನಮಗೆ ಚಿತ್ರದ ಪುಸ್ತಕಗಳು ಸಿಕ್ಕವು. ಪಕ್ಕದ ಮನೆಯ ರಂಗಸ್ವಾಮಿ ಬೆಂಗಳೂರಿನಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದ. ಬಿಳಿ ಸಿಪಾಯಿಗಳು ಓದಿ ಬಿಸಾಕಿದ್ದನ್ನು ರಜಕ್ಕೆ ಬಂದಾಗ ನನಗೆಂದು ತಂದುಕೊಡುತ್ತಿದ್ದ. ಎಲ್ಲ ಇಂಗ್ಲಿಷು. ನಮ್ಮ ಮನೆಯಲ್ಲಿ ಯಾರಿಗೂ ಆ ಭಾಷೆ ಬಾರದು. ಅತ್ತೆ ಮಾತ್ರ ಹೆದರಲಿಲ್ಲ. ಅವರೆಕಾಳು ಹಿಸುಕುತ್ತಾ ಪುಸ್ತಕವನ್ನು ಮುಂದೆ ಹರಡಿಕೊಂಡು, ಚಿತ್ರ ನೋಡಿಯೇ ಕನ್ನಡದಲ್ಲಿ ಕಥೆ ಹೇಳುವಳು.

ಮುಖವಾಡದ ನಾಯಕನೊಬ್ಬನಿದ್ದ, ಅವನನ್ನು ಕಂಡರೆ ನಮಗಿಬ್ಬರಿಗೂ ಅಷ್ಟಕ್ಕಷ್ಟೆ. ನಮಗೆ ಬೇಕಾದವರು ಒಡವೆ ಕದಿಯುವ ಜೋಡಿ. ಗಿಣಿಮೂಗಿನ ಕಳ್ಳನಿಗೆ ಕಾಳಿಂಗನೆಂದೂ ಕೆಂಪು ಲಂಗದವಳಿಗೆ ಚೆನ್ನಿಯೆಂದೂ ಅತ್ತೆಯೇ ಹೆಸರಿಟ್ಟಿದ್ದಳು. ಕಾಳಿಂಗ ಚೆನ್ನಿಯ ಜುಟ್ಟು ಹಿಡಿದು ಎಳೆಯುವನು, ಪೊಲೀಸರು ಬಂದರೆ ಅವಳನ್ನು ಬಿಟ್ಟು ಓಡುವನು. ಆಮೇಲೆ ಬಂದು ಮಂಡಿಯೂರುವನು.

"ಅವ್ಳು ಯಾಕತ್ತೆ ಮತ್ತೆ ಅವನ ಜೊತೆ ಓಯ್ತಾಳೆ?"

"ಅವ್ನು ಒಳ್ಳೇವ್ನೇ ಕಣೆ. ಕ್ವಾಪ ಜಾಸ್ತಿ ಅಷ್ಟೇಯ. 'ನಂಗೆ ನೀನಲ್ದೆ ಇನ್ಯಾರವ್ರೆ ಚೆನ್ನಿ' ಅಂತವ್ನೆ, ನೋಡಿಲ್ಲಿ" ಎಂದು ಅತ್ತೆ ಅವನ ಬಾಯಿಂದ ಹೊರಟ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಡುವಳು. ಅದನ್ನು ಹೇಳುವಾಗ ಅವಳ ದನಿ ಮೆತ್ತಗಾಗುತ್ತಿತ್ತು. ನನಗಂತೂ ಕಣ್ಣಲ್ಲಿ ನೀರು. ಅಷ್ಟು ಒಳ್ಳೆಯ ಕಳ್ಳ ನಮ್ಮೂರಿಗೂ ಒಬ್ಬ ಬರಬಾರದೇ ಎನ್ನಿಸುತ್ತಿತ್ತು.

ಒಂದು ಸಲ ಅತ್ತೆ ಬಂದಾಗ ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕರೆದರೆ ಇನ್ನೊಂದು ಕಡೆಯಿಂದ ತಿರುಗಿ ನೋಡುವಳು. ಅಜ್ಜಿ ದಿನಾ ಎಣ್ಣೆ ಬೆಚ್ಚಗೆ ಮಾಡಿ ಹನಿಸುತ್ತಿದ್ದಳು, ಮಾತಿಲ್ಲದೆ.

ಮಾವ ಎಂದಿನಂತೆ ಬಂದರು. ಅಪ್ಪ ಎಂದಿನಂತೆ, "ಗೌರಾ, ಬಟ್ಟೆ ಕಟ್ಕೊ, ಬಸ್ಸಿಗೆ ಒತ್ತಾಯ್ತು" ಎಂದರು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಮಾವ ತಲೆಯೆತ್ತಿ ಗದ್ಗದವಾಗಿ, "ಏನೋ ಕ್ವಾಪದಲ್ಲಿ ಆಗೋಯ್ತು. ನಂಗೆ ನೀನಲ್ದೆ ಇನ್ಯಾರವ್ರೆ ಗೌರಾ" ಎಂದರು.

ನಾನು ಅಲ್ಲೇ ಕಂಬ ತಬ್ಬಿಕೊಂಡಿದ್ದೆ. ಗುರುತು ಹಿಡಿದ ಸಂತೋಷದಲ್ಲಿ, "ಅತ್ತೆ, ಇದು ಕಾಳಿಂಗ ಏಳೋ ಮಾತು ಅಲ್ವಾ?" ಎಂದುಬಿಟ್ಟೆ.

ಮಾವನಿಗೆ ಅರ್ಥವಾಗಲಿಲ್ಲ, ನಕ್ಕರು. ಅತ್ತೆ ನಗಲಿಲ್ಲ. ನನ್ನನ್ನೇ ಸುಮಾರು ಹೊತ್ತು ನೋಡಿದಳು. ಆಮೇಲೆ ಹೊಸಿಲ ಮೇಲೆ ಕೂತಳು.

"ಅಣ್ಣಯ್ಯ, ನಾನು ಓಗಕಿಲ್ಲ."

"ಜನ ಏನಂದಾರು ಗೌರಾ?"

"ಅಂದ್ರೆ ಅನ್ಲಿ. ನಂಗೆ ಒಂದೇ ಕಿವಿ ಕೇಳ್ಸೋದು."

ಅಪ್ಪ ಇನ್ನೇನೋ ಹೇಳಲು ಬಾಯಿ ತೆರೆದರು. ಒಳಗಿನಿಂದ ಎಣ್ಣೆಯ ಬಟ್ಟಲು ಹಿಡಿದೇ ಅಜ್ಜಿ ಬಂದಳು. "ಅಳಿಯಂದ್ರು ಊಟ ಮಾಡ್ಕಂಡು ಒರಡ್ಲಿ. ಗೌರಿ ಇಲ್ಲೇ ಇರ್ತಾಳೆ" ಎಂದಳು. ಅಪ್ಪನಿಗೆ ಎದುರಾಡಿ ಅಜ್ಜಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾವ ಊಟ ಮಾಡಲಿಲ್ಲ.

ಅತ್ತೆ ಆಮೇಲೆ ಹಾಸನದಲ್ಲಿ ಸೂಲಗಿತ್ತಿಯ ತರಬೇತಿ ಪಡೆದು ಅರಕಲಗೂಡಿನ ಆಸ್ಪತ್ರೆಗೆ ಸೇರಿದಳು. ನಾನು ಹೈಸ್ಕೂಲಿಗೆ ಹೋಗಿ ನಾಲ್ಕಕ್ಷರ ಇಂಗ್ಲಿಷ್ ಕಲಿತ ಮೇಲೆ ಆ ಹಳೆಯ ಪುಸ್ತಕಗಳನ್ನು ಕಷ್ಟಪಟ್ಟು ಓದಿದೆ. ಕಾಳಿಂಗನ ಬಾಯಲ್ಲಿದ್ದುದು ಬರೀ "ಬೇಗ ನಡಿ", "ಚೀಲ ಎಲ್ಲಿ", "ಸುಮ್ಮನಿರು". ಅಷ್ಟೆ. ಅರಕಲಗೂಡಿಗೆ ಹೋದಾಗ ಅತ್ತೆಗೆ ಹೇಳಿದೆ. ಅವಳು ಸೀರೆಯ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಅಂಗಾರೆ ಪ್ರೀತಿ ಎಲ್ಲಾ ನಾನೇ ಆಕಿದ್ದು ಅನ್ನು" ಎಂದು ನಕ್ಕಳು.

ಇದಿಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಅವಳು ಎದ್ದು ಕೂತಿದ್ದಳು.

"ಮಾವ ಮತ್ತೆ ಬಂದ್ರಾ ಅಜ್ಜಿ?"

"ಒಂದೆರಡು ಸಲ ಬಂದ್ರು. ಅತ್ತೆಯೇ ಕಾಫಿ ಕೊಟ್ಟು ಕಳಿಸಿದಳು."

"ಅತ್ತೆಗೆ ಬೇಜಾರಾಗ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ನೀತಿಕಥೆಗೆ ಅದೇ ಒಪ್ಪುತ್ತಿತ್ತು.

"ಅತ್ತಳು ಕಣೆ. ಮಾವ ತಿರುವು ದಾಟುವವರೆಗೂ ನೋಡುತ್ತಾ ನಿಂತು ಅಳ್ತಿದ್ದಳು. ಅವಳಿಗೆ ಅವರೆಂದರೆ ಬಹಳ ಇಷ್ಟ. ಆದರೂ ಹೋಗಲಿಲ್ಲ."

ಹುಡುಗಿ ಎದ್ದು ಬಂದು ನನ್ನ ಕುರ್ಚಿಯ ಕೈಯ ಮೇಲೆ ಕೂತಳು. ಹಾಗೆ ಕೂರಬೇಡ, ಮುರಿಯುತ್ತದೆ ಎಂದು ದಿನಾ ಗದರುವವಳು ನಾನು. ಅವತ್ತು ಸ್ವಲ್ಪ ಸರಿದು ಜಾಗ ಕೊಟ್ಟೆ.