ಕುರಿ ಕಾದ ಕೈ ಕಟ್ಟಿದ ಮೊಲದ ಮನೆ

ಬೈಲಹೊಂಗಲದ ಹಳೆಯ ಓಣಿಯಲ್ಲಿ ಬೆಳಕಿನ್ನೂ ಪೂರ್ತಿ ಹರಿದಿಲ್ಲ. ತಗಡು ಹೊದಿಸಿದ ಚಪ್ಪರದಡಿ ಹಿರಿಯರೊಬ್ಬರು ಮಡಿಸಿದ ಕಂಬಳಿಯ ಮೇಲೆ ಒಂದು ಕಾಲು ಚಾಚಿ ಕುಳಿತಿದ್ದಾರೆ. ಎದುರಿಗೆ ಎಣ್ಣೆ ಡಬ್ಬಿಯನ್ನು ಕತ್ತರಿಸಿ, ಬಡಿದು, ಅಂಚು ಮಡಚಿ ಮಾಡಿದ ಅಗಲವಾದ ತಟ್ಟೆ. ಅವರು ಚೊಂಬಿನಿಂದ ಅದರ ಮೇಲೆ ತುಸು ನೀರು ಬಿಡುತ್ತಾರೆ. ನೀರು ಎತ್ತ ಹರಿಯುತ್ತದೆಂದು ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಾಗಿ ನೋಡುತ್ತಾರೆ. ಎಲ್ಲೋ ಒಂದು ಹನಿ ನಿಂತುಬಿಟ್ಟರೆ ಅಲ್ಲಿಗೆ ಮರದ ಕೊಡತಿಯಿಂದ ಮೆಲ್ಲನೆ ಒಂದೇಟು. ಮತ್ತೆ ನೀರು, ಮತ್ತೆ ನೋಟ.

"ಅಭಿಷೇಕ ಮುಗೀತೇನ್ರಿ? ಚಾ ಆರಾಕತ್ತೈತಿ," ಎಂದು ಒಳಗಿನಿಂದ ಹೆಂಡತಿ ಇಂದ್ರವ್ವ ಕೂಗುತ್ತಾರೆ.

"ನಿಂದ್ರ, ದೇವರು ಇನ್ನಾ ಒಲಿದಿಲ್ಲ," ಎನ್ನುತ್ತಾರೆ ಇವರು, ತಲೆ ಎತ್ತದೆ.

ಇವರು ಅಮೋಘಸಿದ್ದಪ್ಪ. ಕಟ್ಟುತ್ತಿರುವುದು ಒಂದು ಮೊಲದ ಮನೆ. ಒಂದರ ಮೇಲೊಂದು ಮೂರು ಮಜಲು, ನಡುವೆ ಏರಿಳಿಯಲು ಇಳಿಜಾರು ಹಲಗೆ. ಅದು ಇವತ್ತು ಹೊತ್ತೇರುವುದರೊಳಗೆ ಪಕ್ಕದ ಓಣಿಯ ಮಾಳಿಗೆಯ ಮನೆಯೊಂದನ್ನು ಸೇರಬೇಕು. ಒಂದು ಹನಿಯೂ ಸೋರಬಾರದು. ಸೋರಿದರೆ ಆ ಮನೆಯಲ್ಲಿರುವ ಗಂಡಹೆಂಡತಿ ಮೊಲವನ್ನು ಬಿಡಬೇಕು, ಇಲ್ಲವೆ ಮನೆಯನ್ನು ಬಿಡಬೇಕು.

ಅಮೋಘಸಿದ್ದಪ್ಪ ಹುಟ್ಟಿದ್ದು ಸವದತ್ತಿ ತಾಲೂಕಿನ ಚಚಡಿಯಲ್ಲಿ. ಬುದ್ಧಿ ಬಂದಾಗಿನಿಂದ ಕುರಿಗಳ ಹಿಂದೆ ನಡೆದವರು. ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಹಿಂಡು ಹೊಡೆದುಕೊಂಡು ಮನೋಳಿಯ ಹೊಳೆದಂಡೆಯವರೆಗೆ, ಅಲ್ಲಿಂದ ರಾಮದುರ್ಗದ ಗುಡ್ಡಗಳ ಕಡೆಗೆ. ರಾತ್ರಿಯಾದಲ್ಲಿ ಬಲೆ ಕಟ್ಟಿ ದಡ್ಡಿ ಮಾಡುವುದು, ಎಳೆಮರಿಗಳನ್ನು ಬುಟ್ಟಿಯಡಿ ಬೆಚ್ಚಗಿಡುವುದು, ಮುಂಜಾನೆ ಎಬ್ಬಿಸುವುದು. ಮೊಣಕಾಲು ಸವೆದ ಮೇಲೆ ಹಿಂಡು ತಮ್ಮನ ಪಾಲಿಗೆ ಹೋಯಿತು. ಗಂಡಹೆಂಡತಿ ಇಬ್ಬರೂ ಬೈಲಹೊಂಗಲಕ್ಕೆ ಬಂದರು. ಇಂದ್ರವ್ವ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾರೆ. ಸುಮ್ಮನೆ ಕೂರಲಾರದ ಇವರು ಗುಜರಿ ಅಂಗಡಿಯಿಂದ ಮುರಿದ ಕಿಟಕಿ, ಹಳೆಯ ಮಂಚದ ಪಟ್ಟಿ, ಬಲೆಯ ತುಂಡು ತಂದು ಕೋಳಿಗೂಡು ಕಟ್ಟಿದರು. ಆಮೇಲೆ ಆಡಿನ ದಡ್ಡಿ, ಗಿಳಿಯ ಪಂಜರ. ಬೆನ್ನು ಬಾಗುವ ಈ ಕೆಲಸದಲ್ಲಿ ಅವರಿಗೆ ಏನು ಸಿಗುತ್ತದೆಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

"ಕುರಿ ಬಿಟ್ಟ ಮ್ಯಾಲೆ ನಿದ್ದಿನ ಬರ್ತಿದ್ದಿಲ್ಲರಿ. ಹಿಂಡಿನಾಗ ಮಕ್ಕೊಂಡಾಂವಗ ಗ್ವಾಡಿ ನಡುವ ಹೆಂಗ ನಿದ್ದಿ ಬರಬೇಕು? ಈಗ ಯಾರದರ ಮನ್ಯಾಗ ಒಂದ ಜೀವ ನಾ ಕಟ್ಟಿದ ಗೂಡಿನಾಗ ಮಕ್ಕೊಂಡೈತಿ ಅಂದ್ರ, ನನಗೂ ಕಣ್ಣು ಹತ್ತತೈತಿ."

ಮೊಲದ ಕಥೆ ಶುರುವಾದದ್ದು ಬಸ್ಸಿನಲ್ಲಿ. ರಾಮದುರ್ಗದಿಂದ ಸವದತ್ತಿ ಹಾದು ಬೈಲಹೊಂಗಲಕ್ಕೆ ಬರುವ ಬಸ್ಸಿನ ಕಂಡಕ್ಟರ್ ಸಂದೀಪ. ಒಂದು ಸಂಜೆ ಎಲ್ಲರೂ ಇಳಿದ ಮೇಲೆ ಹಿಂದಿನ ಸೀಟಿನಡಿ ಮುಚ್ಚಿದ ಬುಟ್ಟಿಯೊಂದು ಉಳಿಯಿತು. ಒಳಗೆ ಕಿವಿ ಮಡಚಿ ಕುಳಿತ ಬಿಳಿ ಮೊಲ. ಕಟಕೋಳದಲ್ಲಿ ಹತ್ತಿದವರದ್ದಿರಬೇಕೆಂದು ಅಲ್ಲಿ ವಿಚಾರಿಸಿದ್ದಾಯಿತು, ಡಿಪೋದಲ್ಲಿ ಹೇಳಿಟ್ಟಿದ್ದಾಯಿತು. ಯಾರೂ ಬರಲಿಲ್ಲ. ಮೊಲ ಸಂದೀಪನ ಮನೆಗೆ ಬಂತು. ಟಿಕೇಟಿಲ್ಲದೆ ಪಯಣಿಸಿದ್ದಕ್ಕೆ ಅದರ ಹೆಸರು ಪಾಸ್.

"ಯಾರಿಗರ ಕೊಟ್ಟ ಬಿಡೂಣಂದ್ರ, ಕೇಳಾಕ ಬಂದವರೆಲ್ಲ ತೂಕ ಎಷ್ಟ ಐತಿ ಅಂತಾರ್ರಿ," ಎನ್ನುತ್ತಾನೆ ಸಂದೀಪ. ಅವನ ಹೆಂಡತಿ ರೇಣು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹೊಲಿಗೆ ಮಷಿನ್ನಿನ ಸದ್ದಿಗೆ ಮೊದಲು ಬೆದರುತ್ತಿದ್ದ ಮೊಲ ಈಗ ಅವಳ ಪಾದದ ಬಳಿಯೇ ಕುಳಿತು ಬಟ್ಟೆಯ ಚೂರುಗಳನ್ನು ಮೂಸುತ್ತದೆ. ಅವರದು ಮಾಳಿಗೆಯ ಮೇಲಿನ ಒಂದೇ ಕೋಣೆ. ಮಂಚ, ಒಲೆ, ಮಷಿನ್ನು, ಗೋಡೆಯ ಹಲಗೆಯ ಮೇಲೆ ಬುದ್ಧನ ಪುಟ್ಟ ಮೂರ್ತಿ. ಕಪಾಟಿಗೂ ಗೋಡೆಗೂ ನಡುವೆ ಉಳಿದ ಸಂದಿಯಷ್ಟೇ ಮೊಲದ ಪಾಲು. ಅಗಲಕ್ಕೆ ಜಾಗವಿಲ್ಲದ ಕಡೆ ಎತ್ತರಕ್ಕೆ ಕಟ್ಟಬೇಕಷ್ಟೆ. ಹಾಗೆ ಮೂರು ಮಜಲಿನ ಮನೆಯ ಮಾತು ಅಮೋಘಸಿದ್ದಪ್ಪನವರ ಚಪ್ಪರಕ್ಕೆ ಬಂತು.

"ನೆಲದಾಗ ಬಿಲ ತೋಡೂ ಜೀವಕ್ಕ ಮಾಳಿಗಿ ಯಾಕವ್ವಾ ಅಂತ ನಕ್ಕೆ ಮೊದಲ. ಆಮ್ಯಾಲೆ ಅನಸ್ತು, ನಾವೂ ಒಂದ ಕಾಲದಾಗ ನೆಲದ ಮ್ಯಾಲಿನ ಮಂದೀನ ಅಲ್ಲೇನು?"

ಮೊದಲ ಮನೆಯನ್ನು ಅವರು ಮನಸ್ಸಿಟ್ಟು ಕಟ್ಟಿದರು. ಜಾಲಿಮರದ ಪಟ್ಟಿ, ಮೊಲ ಕಡಿದರೂ ಕೇಡಿಲ್ಲದಂತೆ ಬಣ್ಣ ಬಳಿಯದ ಕಟ್ಟಿಗೆ. ಪ್ರತಿ ಮಜಲಿನ ನೆಲಕ್ಕೂ ಪಟ್ಟಿಗಳ ನಡುವೆ ಸಣ್ಣ ಸಂದು ಬಿಟ್ಟರು. ಹಿಕ್ಕೆ, ಮೂತ್ರ ಎಲ್ಲ ಕೆಳಗಿಳಿದು ಹೋಗಲಿ, ಜೀವ ಒಣಗಿರಲಿ ಎಂಬ ಲೆಕ್ಕ. ಕೆಳಗಿಳಿದದ್ದು ಆಮೇಲೆ ಎಲ್ಲಿಗೆ ಹೋಗಬೇಕು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಈ ಸೀಮೆಯ ರೈತರು ಕುರಿಗಾರರನ್ನು ಕರೆದು, ತಮ್ಮ ಹೊಲದಲ್ಲಿ ರಾತ್ರಿಯಿಡೀ ಹಿಂಡು ನಿಲ್ಲಿಸಿಕೊಳ್ಳುತ್ತಾರೆ, ಆ ಗೊಬ್ಬರಕ್ಕಾಗಿ. ಬದುಕಿನುದ್ದಕ್ಕೂ ನೆಲ ಕೈಚಾಚಿ ಬೇಡಿದ್ದನ್ನೇ ಸುರಿಸಿ ಬಂದವರಿಗೆ, ಅದನ್ನು ಬೇಡವೆನ್ನುವ ನೆಲವೂ ಇರುತ್ತದೆಂದು ಯಾರು ಹೇಳಿದ್ದರು?

ಸಂದೀಪನ ಕೋಣೆಯ ನೆಲ ಫರ್ಸಿ ಕಲ್ಲಿನದು. ಕಲ್ಲುಗಳ ನಡುವಿನ ಸಂದುಗಳು ಹಳತಾಗಿ ಬಾಯಿಬಿಟ್ಟಿವೆ. ಅದರಡಿ ಮಣ್ಣು, ಮಣ್ಣಿನಡಿ ತೊಲೆ ಮತ್ತು ಹಲಗೆ. ಅದರ ಸರಿಯಾಗಿ ಕೆಳಗೆ ಮನೆಯೊಡತಿ ಚನ್ನವ್ವನವರ ದೇವರ ಜಗಲಿ. ಒಂದು ಮುಂಜಾನೆ ಅವರು ವಿಭೂತಿ ಧರಿಸಿ, ಪತ್ರಿ ಏರಿಸಿ ಕೈ ಮುಗಿಯುವಾಗ ಮೇಲಿಂದ ಹನಿಯೊಂದು ಬಿತ್ತು. ನಂದಾದೀಪ ಚುರ್ ಎಂದು ಆರಿಹೋಯಿತು.

ಚನ್ನವ್ವ ಮೇಲೆ ಹೋಗಿ ಕೂಗಾಡಲಿಲ್ಲ. ಗೂಡು ಕಟ್ಟಿದವರು ಯಾರೆಂದು ಕೇಳಿ ತಿಳಿದು, ಸೀದಾ ಈ ಚಪ್ಪರಕ್ಕೆ ಬಂದು ನಿಂತರು.

"ಏನಪಾ ಅಮೋಗಪ್ಪ, ಮೊಲದ ಮನಿ ಕಟ್ಟಾಕ ನನ್ನ ದೇವರ ತಲಿನ ಬೇಕಾಗಿತ್ತೇನ?"

ಈ ಮಾತನ್ನು ಹೇಳುವಾಗ ಅಮೋಘಸಿದ್ದಪ್ಪ ನಗುತ್ತಾರೆ. ಆ ಹೊತ್ತು ನಗು ಬಂದಿರಲಿಲ್ಲ. ಚನ್ನವ್ವನವರ ತವರಿನ ಕಡೆಯ ಸಂಬಂಧಿಯೊಬ್ಬರು "ಎಂಥವರಿಗೆ ಮನಿ ಕೊಟ್ಟೀಯೋ, ಅಂಥಾದ್ದ ಆಗತೈತಿ" ಎಂದಿದ್ದರಂತೆ. "ಉಚ್ಚಿ ಹೊಯ್ದದ್ದು ಮೊಲ. ಮನಿಷ್ಯಾರ್ನ ಯಾಕ ಎಳೀತಿ ನಡುವ?" ಎಂದು ಅವರನ್ನು ಗದರಿಸಿದ ಚನ್ನವ್ವ, ಇತ್ತ ರೇಣುವಿಗೂ ಒಂದು ಮಾತು ಹೇಳಿದ್ದರು. ಶ್ರಾವಣ ಹಿಡಿಯುವುದರೊಳಗೆ ಸೋರುವುದು ನಿಲ್ಲಬೇಕು. ಇಲ್ಲದಿದ್ದರೆ ನಿಮ್ಮ ದಾರಿ ನೀವು ನೋಡಿಕೊಳ್ಳಿ.

ಇದರ ಭಾರ ಎಷ್ಟೆಂದು ರೇಣು ಸೂಜಿಗೆ ದಾರ ಪೋಣಿಸುತ್ತ ಮೆಲುದನಿಯಲ್ಲಿ ಹೇಳುತ್ತಾಳೆ. "ಬಾಡಗಿ ಮನಿ ಕೇಳಾಕ ಹ್ವಾದ್ರ ಮೊದಲ ಅಡ್ಡಹೆಸರು ಕೇಳ್ತಾರ್ರಿ. ಹೇಳಿದ ಕೂಡ್ಲೆ, ನಮ್ಮ ಅಳಿಯಾ ಬರಾಂವ ಅದಾನ, ಮನಿ ಖಾಲಿ ಇಲ್ಲ ಅಂತಾರ. ಎಷ್ಟ ಅಳಿಯಂದ್ರು ಬರ್ತಾರೋ ಈ ಊರಿಗೆ! ಈ ಚನ್ನವ್ವ ಆಯಿ ಒಬ್ರ ಏನೂ ಕೇಳಲಿಲ್ಲ. ತೆಳಗ ದೇವರು ಅದಾನ, ನೀರು ಚೆಲ್ಲಬ್ಯಾಡ್ರಿ ಅಂದ್ರು, ಅಷ್ಟ. ಆ ಒಂದ ಮಾತ ನಮ್ಮ ಕಡಿಂದ ತಪ್ಪಿತು ನೋಡ್ರಿ." ಮೊಲವನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದು ಬುಟ್ಟಿ ತೆಗೆದಿಟ್ಟಿದ್ದೂ ಆಗಿತ್ತು. ಬುಟ್ಟಿ ಕಂಡದ್ದೇ ಪಾಸ್ ಮಷಿನ್ನಿನಡಿ ಸರಿದು ಕುಳಿತಿತಂತೆ.

"ತಡೀರಿ, ತಪ್ಪು ನಂದೈತಿ, ಮೊಲದ್ದಲ್ಲ," ಎಂದು ಅಮೋಘಸಿದ್ದಪ್ಪ ಗೂಡನ್ನು ಹೊತ್ತು ತಂದರು. ಪೂರಾ ಬಿಚ್ಚಿದರು. ಈಗ ಪ್ರತಿ ಮಜಲಿನ ಪಟ್ಟಿಗಳ ಕೆಳಗೂ ಒಂದು ತಗಡಿನ ತಟ್ಟೆ, ಮೊಲದ ಬಾಯಿಗೆ ಎಟುಕದಂತೆ. ತಟ್ಟೆ ಒಂದು ಮೂಲೆಗೆ ವಾಲಿರುತ್ತದೆ. ಮೂಲೆಯಲ್ಲಿ ತೂತು, ತೂತಿಗೆ ಕೊಳವೆ. ಕಬ್ಬಿನ ಹೊಲಕ್ಕೆ ಹನಿ ನೀರು ಬಿಡುವ ಪೈಪು ಹಳತಾದ ಮೇಲೆ ಗುಜರಿಗೆ ಬರುತ್ತದಲ್ಲ, ಅದೇ. ಮೂರೂ ಕೊಳವೆ ಬಂದು ಸೇರುವುದು ಕೆಳಗಿನ ಒಂದು ಕ್ಯಾನಿಗೆ. ಏರುಹಲಗೆಯ ಮೇಲೆ ಉಗುರು ಜಾರದಂತೆ ಅಡ್ಡಕಡ್ಡಿ. ಪಾದ ನೋಯದಂತೆ ಮಲಗುವಲ್ಲಿ ದಪ್ಪನೆ ಒಣಹುಲ್ಲು.

ಚಹಾ ಆರಿಯೇ ಹೋಯಿತು. ಕೊನೆಯ ತಟ್ಟೆಯ ನೀರು ಒಮ್ಮೆಯೂ ತಡೆಯದೆ ಮೂಲೆಗೆ ಓಡಿದಾಗ ಅಮೋಘಸಿದ್ದಪ್ಪ ಗೋಡೆ ಹಿಡಿದು ಏಳುತ್ತಾರೆ. ಇವತ್ತು ಸಂದೀಪನ ಪಾಳಿ ಮಧ್ಯಾಹ್ನಕ್ಕೆ. ಅವನು ಬಂದು ಗೂಡಿನ ಒಂದು ತುದಿ ಹಿಡಿಯುತ್ತಾನೆ. ಇಕ್ಕಟ್ಟಿನ ಮೆಟ್ಟಿಲು ಹತ್ತುವಾಗ "ಟಿಕೇಟ್, ಟಿಕೇಟ್" ಎಂದು ತಾನೇ ದಾರಿ ಬಿಡಿಸಿಕೊಳ್ಳುತ್ತಾನೆ. ಗೂಡು ಸಂದಿಯಲ್ಲಿ ಕೂರುತ್ತದೆ. ಅಮೋಘಸಿದ್ದಪ್ಪ ಸೊಂಟದ ಚೀಲದಿಂದ ಚಿಟಿಕೆ ಭಂಡಾರದ ಅರಿಶಿನ ತೆಗೆದು, ಹೊಸ ದಡ್ಡಿಗೆ ಮೊದಲು ಹೋಗುವ ಕುರಿಗೆ ಹಚ್ಚುವಂತೆ ಪಾಸ್‌ನ ಹಣೆಗೆ ಹಚ್ಚುತ್ತಾರೆ. ಮೊಲ ಸೀನುತ್ತದೆ.

"ಒಪ್ಪಿಗಿ ಆತು," ಎನ್ನುತ್ತಾರೆ.

ಆಮೇಲೆ ಉಳಿದದ್ದು ಕಾಯುವುದು. ಕೆಳಗೆ ಚನ್ನವ್ವ ಹೊಸ ಬತ್ತಿ ಹಾಕಿ ದೀಪ ಹಚ್ಚಿ, ಕಣ್ಣನ್ನು ತೊಲೆಯ ಮೇಲಿಟ್ಟು ಕುಳಿತಿದ್ದಾರೆ. ಮೇಲೆ ರೇಣು ಮಷಿನ್ನು ನಿಲ್ಲಿಸಿದ್ದಾಳೆ. ಸಂದೀಪ ಬಾಗಿಲಲ್ಲಿ. ಅಮೋಘಸಿದ್ದಪ್ಪ ನೆಲದ ಮೇಲೆ, ಕಿವಿಯನ್ನು ಕೊಳವೆಯ ಕಡೆಗಿಟ್ಟು. ಪಾಸ್ ಮೆಂತ್ಯೆಸೊಪ್ಪು ತಿನ್ನುತ್ತದೆ, ನೀರು ಕುಡಿಯುತ್ತದೆ, ಮೀಸೆ ಒರೆಸಿಕೊಳ್ಳುತ್ತದೆ. ಅದಕ್ಕೆ ಯಾವ ಅವಸರವೂ ಇಲ್ಲ.

"ಏನಾತ್ರೇ?" ಕೆಳಗಿನಿಂದ ಚನ್ನವ್ವ.

"ಇನ್ನಾ ಇಲ್ಲರಿ ಆಯಿ, ತಿನ್ನಾಕತ್ತೈತಿ!"

"ಎಷ್ಟ ತಿಂತೈತೇ ಯವ್ವಾ! ನಂದು ಪೂಜಿ ಹಂಗ ನಿಂತೈತಿ."

ದೇವರ ಮುಂದೆ ಮನುಷ್ಯರು ಏನೇನಕ್ಕೋ ಕಾದು ಕೂತಿರುತ್ತಾರೆ. ಒಂದು ಮೊಲದ ಉಚ್ಚೆಗಾಗಿ ಎರಡು ಮಾಳಿಗೆಯ ಜನ ಉಸಿರು ಹಿಡಿದು ಕಾಯುತ್ತಿರುವ ಈ ಹೊತ್ತಿನಲ್ಲಿ ಕೂಡ ಭಕ್ತಿಗೆ ಏನೂ ಕೊರತೆಯಿಲ್ಲ. ಕೊನೆಗೆ ಪಾಸ್ ನಡುಮಜಲಿನ ಮೂಲೆಗೆ ಹೋಗಿ ಬಾಲ ಎತ್ತುತ್ತದೆ. ತಗಡಿನ ಮೇಲೆ ಸಣ್ಣ ಸದ್ದು. ಕೊಳವೆಯೊಳಗೆ ಏನೋ ಸರಿಯುತ್ತದೆ. ಕ್ಯಾನಿನ ತಳದಲ್ಲಿ ಟಪ್, ಟಪ್, ಟಪ್. ಫರ್ಸಿಯ ಮೇಲೆ ಅಂಗೈ ಆಡಿಸಿ ನೋಡುತ್ತಾರೆ ಅಮೋಘಸಿದ್ದಪ್ಪ. ಒಣ ಕಲ್ಲು.

"ಆತ್ರೀ ಆಯಿ! ಆತು!" ರೇಣು ಮೆಟ್ಟಿಲ ಬಳಿ ಓಡಿ ಕೂಗುತ್ತಾಳೆ.

ಕೆಳಗೆ ಆರತಿ ತಟ್ಟೆ ಎತ್ತಿಕೊಂಡ ಸಪ್ಪಳ. ಆಮೇಲೆ ಗಂಟೆಯ ಸದ್ದು. ನಿಂತಿದ್ದ ಪೂಜೆ ಮುಂದುವರಿದಿದೆ.

ಕ್ಯಾನು ಹಿಡಿದು ಕೆಳಗಿಳಿದ ಅಮೋಘಸಿದ್ದಪ್ಪ ಅದಕ್ಕೆ ಬಕೆಟ್ಟಿನ ತುಂಬ ನೀರು ಬೆರೆಸಿ, ಅಂಗಳದ ಸೊರಗಿದ ಮಲ್ಲಿಗೆ ಬಳ್ಳಿಯ ಬುಡಕ್ಕೆ ಹಾಕುತ್ತಾರೆ. ಚನ್ನವ್ವ ಹೊಸ್ತಿಲಿಗೆ ಓಡಿ ಬರುತ್ತಾರೆ. "ಏ ಏ, ಅದು ದೇವರ ಹೂವಿನ ಬಳ್ಳಿಯೋ!"

"ಕುರಿ ನಿಂತ ಹೊಲದ ಜ್ವಾಳ ನಿಮ್ಮ ದೇವರಿಗೆ ಎಡಿ ಆಗತೈತಿಲ್ಲರಿ ಅವ್ವಾರ?" ಎನ್ನುತ್ತಾರೆ ಇವರು. "ಮಣ್ಣಿಗೆ ಕೊಟ್ರ ಅದು ತೊಳಕೊಂಡ ಕೊಡತೈತಿ."

ಚನ್ನವ್ವ ಬಳ್ಳಿಯನ್ನೊಮ್ಮೆ ನೋಡಿ ಒಳಗೆ ಹೋದರು.

ಈಗ ಶ್ರಾವಣ. ಬಳ್ಳಿಯ ತುಂಬ ಮೊಗ್ಗು. ಚನ್ನವ್ವ ಹೂವು ಬಿಡಿಸುತ್ತಾರೆ, ಬುಡದ ಕಡೆ ನೋಡುವುದಿಲ್ಲ. ಪೂಜೆ ಮುಗಿಸಿ, ಗಣಪತಿಗೆ ಏರಿಸಿ ಉಳಿದ ಗರಿಕೆಯನ್ನು ಸೆರಗಿನಲ್ಲಿ ಹಿಡಿದು, ಮಂಡಿ ನೋವಿದ್ದರೂ ಮೆಟ್ಟಿಲು ಹತ್ತುತ್ತಾರೆ. "ಎಲ್ಲಿ ಐತೇ ನಿಮ್ಮ ಕಳ್ಳ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ಮನೆ ಬಿಡುವ ಮಾತನ್ನು ಅವರೂ ಎತ್ತಿಲ್ಲ, ಇವರೂ ಕೇಳಿಲ್ಲ. ರೇಣು ಮೇಲಿನ ಮಜಲಿಗೊಂದು ಪರದೆ ಹೊಲಿದಿದ್ದಾಳೆ. ಅಲ್ಲಿಂದ ಕಿಟಕಿಯಾಚೆಯ ಬೀದಿ ಕಾಣುತ್ತದೆ. ಪಾಸ್ ದಿನದ ಬಹುಪಾಲು ಅಲ್ಲೇ ಇರುತ್ತದಂತೆ.

ಚಪ್ಪರದಲ್ಲಿ ಅಮೋಘಸಿದ್ದಪ್ಪ ಇನ್ನಾರದೋ ಗಿಳಿಯ ಪಂಜರಕ್ಕೆ ತಗಡು ಬಡಿಯುತ್ತಿದ್ದಾರೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ಕೊಡತಿ ಕೆಳಗಿಡುತ್ತಾರೆ.

"ಒಂದ ಐತ್ರಿ. ಆ ಮೊಲ ಮ್ಯಾಲಿನ ಮಜಲಿನಾಗ ಕುಂತ ಹೊರಗ ನೋಡೂದು ಒಮ್ಮೆರ ನೋಡಬೇಕು. ದಿನಾ ಕುಂದರತೈತಿ ಕಾಕಾ ಅಂತಾಳ ರೇಣು. ನನಗ ಮಾತ್ರ ಕಂಡಿಲ್ಲ."

ಯಾಕೆ?

ಅವರು ಕಂಬಳಿಯನ್ನು ಹೆಗಲಿಗೆ ಎಳೆದುಕೊಳ್ಳುತ್ತಾರೆ. "ನಾ ಮೆಟ್ಟಲಾ ಹತ್ತೂದ ತಡ, ಈ ಕಂಬಳಿ ಉಣ್ಣಿ ವಾಸನಿ ಹಿಡದ ತೆಳಗ ನನ್ನ ಕಡೆ ಇಳದ ಬಂದ್ಬಿಡತೈತ್ರಿ."