ಬಾವಿಯ ಬಳಿ ಮೊಟಕಾಗುತ್ತಿದ್ದ ಸ್ವರ

ಎಪ್ಪತ್ತರ ದಶಕದಲ್ಲಿ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ವರ್ಷಕ್ಕೊಂದು ಬೆಳಿಗ್ಗೆ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಅವತ್ತು ಪಾಕಿಸ್ತಾನದಲ್ಲಿ ಸೇನೆಯ ಪೆರೇಡ್. ಅಪ್ಪ ಟ್ರಾನ್ಸಿಸ್ಟರನ್ನು ತಾರಸಿಗೆ ಒಯ್ದು, ಕೊರಕೊರ ಸದ್ದಿನ ನಡುವೆ ಅಲ್ಲಿನ ಬ್ಯಾಂಡನ್ನು ಹುಡುಕುತ್ತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನಿಂದಲೇ, "ಏನ್ ಸಾರ್, ಯುದ್ಧ ಮುಗ್ದು ಎಷ್ಟ್ ದಿನ ಆಯ್ತು ಅಂತ, ಆಗ್ಲೇ ಅವರ ರೇಡಿಯೋನಾ?" ಎಂದು ಕುಟುಕುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅಪ್ಪ ಸೇನೆಯ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದಿದವರು. ದೇಶ ಒಡೆಯುವ ಮುಂಚೆ ಅವರ ಪಕ್ಕದಲ್ಲೇ ನಿಂತು ಊದುತ್ತಿದ್ದ ಗೆಳೆಯ ಲಾಹೋರಿನ ಕಡೆಯವರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಅಭ್ಯಾಸದ ಮೈದಾನದ ತುದಿಯಲ್ಲಿ ಒಂದು ಬಾವಿ ಇತ್ತಂತೆ. ಅಲ್ಲಿಗೆ ಬಂದಾಗ ತಿರುಗಲೇಬೇಕು. ಹಾಗಾಗಿ ಕವಾಯತಿನ ಒಂದು ಧಾಟಿಯಲ್ಲಿ, ಎರಡನೇ ಸಾಲಿನ ಕೊನೆಯ ಉದ್ದ ಸ್ವರವನ್ನು ಮೊಟಕು ಮಾಡಿ ತಿರುಗಿಬಿಡುತ್ತಿದ್ದರು. ಅದೇ ರೂಢಿಯಾಯಿತು. ಪಡೆ ಇಬ್ಭಾಗವಾದಾಗ ಡೋಲು, ಪೈಪು, ಮೆಸ್ಸಿನ ಬೆಳ್ಳಿ ತಟ್ಟೆಗಳೆಲ್ಲ ಹಂಚಿಹೋದವು. ಆ ತಪ್ಪು ಮಾತ್ರ ಇಬ್ಬರಿಗೂ ಪೂರ್ತಿ ಸಿಕ್ಕಿತು.

ಗೆಳೆಯ ಅಲ್ಲಿ ಬ್ಯಾಂಡಿಗೆ ಕಲಿಸುವ ಉಸ್ತಾದರಾದರೆಂದು ಯಾರಿಂದಲೋ ತಿಳಿದಿತ್ತು. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಬದುಕಿದ್ದಾರೋ ಇಲ್ಲವೋ ಎಂದು ಅಪ್ಪನಿಗೆ ತಿಳಿಯುತ್ತಿದ್ದುದು ಆ ಪೆರೇಡಿನಿಂದಲೇ. ರೇಡಿಯೋದಲ್ಲಿ ಆ ಧಾಟಿ ಬಂದು, ಅದೇ ಜಾಗದಲ್ಲಿ ಸ್ವರ ಮೊಟಕಾದ ಕೂಡಲೇ ತೊಡೆ ತಟ್ಟಿ, "ಬಾವಿ ಬಂತು ನೋಡೇ! ಇದಾನೆ ಕಣೇ, ಗಟ್ಟಿಯಾಗೇ ಇದಾನೆ!" ಎಂದು ನನಗೆ ಕೂಗಿ ಹೇಳುತ್ತಿದ್ದರು. ಅವತ್ತು ಅವರಿಗೆ ಒಂದು ದೋಸೆ ಹೆಚ್ಚೇ ಇಳಿಯುತ್ತಿತ್ತು. ಆ ಬೆಳಿಗ್ಗೆಗಳಿಗಾಗಿ ನನ್ನ ಜೀವ ಈಗಲೂ ಹಂಬಲಿಸುತ್ತದೆ.

ಗಿರಿನಗರದ ಕಡೆ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಎಂಬತ್ತರ ದಶಕದ ಒಂದು ವರ್ಷ. ನಾನೂ ತಾರಸಿಯಲ್ಲಿದ್ದೆ. ಅದೇ ಧಾಟಿ ಬಂತು. ಎರಡನೇ ಸಾಲು ಮುಗಿಯುತ್ತಿದ್ದಂತೆ ಅಪ್ಪ ತೊಡೆ ತಟ್ಟಲು ಕೈ ಎತ್ತಿದರು. ಸ್ವರ ಎಷ್ಟು ಉದ್ದ ಹೋಗಬೇಕೋ ಅಷ್ಟೂ ಉದ್ದ, ಸರಿಯಾಗಿ ಹೋಯಿತು.

ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ರಿಟೈರ್ ಆಗಿರ್ತಾರೆ ಬಿಡಪ್ಪ. ಹೊಸಬ್ರು ತಿದ್ದಿರ್ತಾರೆ," ಎಂದೆ.

"ಇರ್ಬೋದು," ಎಂದರು. ತಿಂಡಿಗೆ ಕೆಳಗಿಳಿಯಲಿಲ್ಲ.

ಸಂಜೆ ಅಟ್ಟದಿಂದ ಹಳೆಯ ಪೈಪನ್ನು ಇಳಿಸಿಕೊಂಡು ಮತ್ತೆ ತಾರಸಿ ಹತ್ತಿದರು. ಅದೇ ಧಾಟಿ ಊದುತ್ತ ನಡೆದರು. ಎರಡನೇ ಸಾಲಿನ ಕೊನೆಗೆ ಸ್ವರವನ್ನು ಮೊಟಕು ಮಾಡಿ, ನೀರಿನ ತೊಟ್ಟಿಯ ಹತ್ತಿರ ಗಕ್ಕನೆ ತಿರುಗಿದರು. ಪಕ್ಕಕ್ಕೊಮ್ಮೆ ನೋಡಿ ಪೈಪನ್ನು ಬಾಯಿಂದ ತೆಗೆದರು.

"ಇನ್ಮೇಲೆ ನಾನೊಬ್ನೇ ತಿರುಗ್ಬೇಕು ಕಣೇ," ಎಂದರು.