ಪೂಜೆಯ ಸಾಲಿನಿಂದ ಎದ್ದು ಹೋದ ರೋಬೋಟ್

ಗೆಳತಿಯರೇ, ಇವತ್ತು ಖಂಡೇನವಮಿಯ ಆಯುಧಪೂಜೆಯಲ್ಲಿ ನಮ್ಮ ಮನೆಯ ರೋಬೋಟ್ ಎದ್ದು ಓಡಿತು.

ಮೊಮ್ಮಗಳು ಸಾನ್ವಿ ಅದನ್ನು ಮೂರು ದಿನ ಊಟದ ನೆನಪಿಲ್ಲದೆ ಕೂತು ಮಾಡಿದ್ದಾಳೆ. ಬಟ್ಟೆ ತಿಕ್ಕುವ ಹೊಸ ಬ್ರಶ್ಶು, ಅದರ ಮೇಲೆ ಹಳೆಯ ಸೆಲ್ಲು, ತೀರಿಹೋದ ನಮ್ಮ ಯಜಮಾನರ ಟೇಪ್‌ರೆಕಾರ್ಡರಿನಿಂದ ಬಿಚ್ಚಿದ ಮೋಟರು. ಬಿಚ್ಚಿದ್ದಕ್ಕೆ ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದೆ.

"ಆಜಿ, ನನ್ನ ರೋಬೋಟ್‌ಗೂ ಹೂ ಏರಸ್ರಿ ನಾ," ಎಂದಳು.

"ಆಟಿಗಿ ಸಾಮಾನಿಗೆ ಎಂಥಾ ಪೂಜಾ?"

ಮುಖ ಸಣ್ಣದು ಮಾಡಿದಳು. ಹೋಗಲಿ ಎಂದು ಪೂಜೆಯ ಸಾಲಿನಲ್ಲಿದ್ದ ಅಂಗಡಿಯ ತಕ್ಕಡಿಯ ಪಕ್ಕದಲ್ಲಿಟ್ಟು ಒಂದು ಚೆಂಡುಹೂವು ಏರಿಸಿದೆ. ಹೂವಿನ ಭಾರಕ್ಕೆ ಸಡಿಲ ವೈರು ಸೆಲ್ಲಿಗೆ ತಾಗಿತು. ರೋಬೋಟ್ ಗುರ್ರೆಂದು ನಡುಗುತ್ತಾ ಹೊರಟೇಬಿಟ್ಟಿತು!

ಮಗ ಹಿಡಿಯಲು ಬಾಗಿದ. ನನಗೆ ಆ ಸದ್ದಿನ ಗುರುತು ಸಿಕ್ಕಿತು. ಮಧ್ಯಾಹ್ನ ಅಂಗಡಿಯಿಂದ ಬಂದ ಯಜಮಾನರು ಕ್ಯಾಸೆಟ್ ಹಿಂದಕ್ಕೆ ತಿರುಗಿಸುವಾಗ ಅಡುಗೆಮನೆಯವರೆಗೆ ಕೇಳುತ್ತಿದ್ದ ಸದ್ದು ಅದು. ಅದು ಕೇಳಿಸಿದರೆ ನಾನು ರೊಟ್ಟಿ ಬಡಿಯಲು ಕೂರುತ್ತಿದ್ದೆ.

"ಮುಟ್ಟಬ್ಯಾಡ!" ಎಂದು ಗದರಿಸಿದೆ. "ಪೂಜಾ ಆದ ಹತ್ಯಾರ ನಾಳೆತನಕ ಮುಟ್ಟೂಹಂಗಿಲ್ಲ."

"ಅವ್ವಾ, ಬಂದ್ ಮಾಡೂದೂ ಬ್ಯಾಡೇನ್ರಿ?"

"ಬ್ಯಾಡ. ಪದ್ಧತಿ ಅಂದ್ರ ಪದ್ಧತಿ."

ಸೆಲ್ಲು ಮುಗಿಯುವವರೆಗೆ ಕುರ್ಚಿ ಹಾಕಿಕೊಂಡು ಕುಳಿತೆ. ಪದ್ಧತಿಯ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಇಲ್ಲವೆಂದು ಮನೆಯವರೆಲ್ಲ ನಂಬಿದ್ದಾರೆ. ನಂಬಲಿ.